ಪ್ಲೇಡೇಟ್ ರಿವ್ಯೂ: ಕಾಯಿಸಿದ್ದಕ್ಕೂ ಮಾರ್ಕ್ಸ್ ಕೊಡಬೇಕಲ್ವಾ

ಪ್ಲೇಡೇಟ್ ಅನ್ನುವ ಈ ಪುಟ್ಟ ಗೇಮ್ ಯಂತ್ರದ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆಯನ್ನು ಮೊದಲೇ ಮುಗಿಸಿಬಿಡುತ್ತೇನೆ: ಪಕ್ಕದಲ್ಲಿರುವ ಹ್ಯಾಂಡಲ್ ತಿರುಗಿಸಿದರೆ ಚಾರ್ಜ್ ಆಗುತ್ತಾ? ಇಲ್ಲ, ಹ್ಯಾಂಡಲ್ ತಿರುಗಿಸಿದರೆ ಚಾರ್ಜ್ ಆಗಲ್ಲ. ಚಾರ್ಜ್ ಮಾಡಲು ಯುಎಸ್‌ಬಿ-ಸಿ ಕೇಬಲ್ ಬೇಕು. ಆ ಹ್ಯಾಂಡಲ್ ಇರುವುದು ಆಟ ಆಡೋಕೆ.

ಗೊತ್ತಿಲ್ಲದವರಿಗೆ ಎರಡು ಮಾತು. ಪ್ಲೇಡೇಟ್ ಅಂದರೆ ಅಂಗೈಯಲ್ಲಿ ಕೂರುವ ಹಳದಿ ಬಣ್ಣದ ಗೇಮ್ ಯಂತ್ರ. ಅಗಲ 76 ಮಿಲಿಮೀಟರ್, ಎತ್ತರ 74, ದಪ್ಪ ಬರೀ 9. ತೂಕ 86 ಗ್ರಾಂ. ಕಪ್ಪು-ಬಿಳುಪು ಸ್ಕ್ರೀನ್, ಎಡಗಡೆ ದಿಕ್ಕಿನ ಬಟನ್, ಬಲಗಡೆ ಎ ಮತ್ತು ಬಿ, ಪಕ್ಕದಲ್ಲಿ ಮಡಚಿ ಒಳಗೆ ಸೇರಿಸಬಹುದಾದ ಪುಟಾಣಿ ಹ್ಯಾಂಡಲ್. ಮಾಡಿದ್ದು ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿರುವ ಪ್ಯಾನಿಕ್ ಅನ್ನುವ ಸಣ್ಣ ಕಂಪನಿ. ಇವರು ಎಷ್ಟೋ ವರ್ಷದಿಂದ ಮ್ಯಾಕ್ ಕಂಪ್ಯೂಟರಿಗೆ ಸಾಫ್ಟ್‌ವೇರ್ ಮಾಡಿಕೊಂಡು ಇದ್ದವರು. ಫೈಲ್ ಕಳಿಸುವ ಇವರ ಟ್ರಾನ್ಸ್‌ಮಿಟ್ ಅನ್ನುವ ಸಾಫ್ಟ್‌ವೇರ್ ಬಳಸಿದವರಿಗೆ ಹೆಸರು ಗೊತ್ತಿರುತ್ತದೆ. ಆಮೇಲೆ ಬೇರೆಯವರು ಮಾಡಿದ ಗೇಮ್‌ಗಳನ್ನು ಹೊರತರಲು ಶುರು ಮಾಡಿದರು, ಹೆಬ್ಬಾತೊಂದು ಊರಿಗೆಲ್ಲ ಕಾಟ ಕೊಡುವ ಗೇಮ್ ಇದೆಯಲ್ಲ, ಅದೂ ಇವರ ಮೂಲಕವೇ ಬಂದದ್ದು. ಯಂತ್ರ ಮಾಡಿ ಮಾರಿದ ಅನುಭವ ಮಾತ್ರ ಇರಲಿಲ್ಲ. ಹೊರರೂಪ ಕೊಡಲು ಸ್ವೀಡನ್ನಿನ ಟೀನೇಜ್ ಎಂಜಿನಿಯರಿಂಗ್ ಕಂಪನಿಯನ್ನು ಜೊತೆ ಸೇರಿಸಿಕೊಂಡರು. ಹ್ಯಾಂಡಲ್ ಐಡಿಯಾ ಅವರ ಕಡೆಯಿಂದಲೇ ಬಂದದ್ದು.

ನಾನಿರೋದು ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೋದಲ್ಲಿ. ಅಂದರೆ ಕಂಪನಿ ನಮ್ಮನೆಯಿಂದ ಲೈಟ್ ರೈಲಿನಲ್ಲಿ ಹೋಗಿ ಬರುವ ದೂರ. ಯಂತ್ರ ಮಾತ್ರ ತಯಾರಾಗುವುದು ಮಲೇಷ್ಯಾದಲ್ಲಿ! ಇದನ್ನು ಯಾಕೆ ಹೇಳಿದೆ ಅಂದರೆ, ಈ ರಿವ್ಯೂನಲ್ಲಿ ಅರ್ಧ ಭಾಗ ಯಂತ್ರ ಕೈಗೆ ಬರುವುದಕ್ಕಿಂತ ಮುಂಚಿನದು. ಮೊಬೈಲ್ ರಿವ್ಯೂ ಬರೆಯುವವರು ಡಬ್ಬ ಬಿಚ್ಚುವಲ್ಲಿಂದ ಶುರು ಮಾಡುತ್ತಾರೆ. ಸಣ್ಣ ಪ್ರಮಾಣದಲ್ಲಿ ಮಾಡುವ ಇಂಥ ವಸ್ತುವಿಗೆ ಅದು ಸರಿಹೋಗಲ್ಲ. ದುಡ್ಡು ಕೊಟ್ಟ ದಿನದಿಂದ ಡಬ್ಬ ಬರುವ ದಿನದವರೆಗೆ ಅವರು ನಮ್ಮನ್ನು ಹೇಗೆ ನಡೆಸಿಕೊಂಡರು ಅನ್ನುವುದೂ ನಾವು ಕೊಂಡ ಮಾಲಿನಲ್ಲೇ ಸೇರಿದೆ. ಅದಕ್ಕೂ ಮಾರ್ಕ್ಸ್ ಹಾಕಬೇಕು.

ನನ್ನ ಹಿನ್ನೆಲೆ ಒಂಚೂರು ಹೇಳಿದರೆ ಮುಂದಿನ ಮಾತು ಅರ್ಥವಾದೀತು. ಓದಿದ್ದು ಬೆಂಗಳೂರಿನ ಜಿಟಿಟಿಸಿ ಅನ್ನುವ ಸರ್ಕಾರಿ ತರಬೇತಿ ಕೇಂದ್ರದಲ್ಲಿ ಟೂಲ್ ಆಂಡ್ ಡೈ, ಅಂದರೆ ಅಚ್ಚು (ಮೋಲ್ಡ್) ಮಾಡುವ ಡಿಪ್ಲೊಮಾ, ಮೊದಲ ಕೆಲಸ ಪೀಣ್ಯದ ಒಂದು ಟೂಲ್ ರೂಮಿನಲ್ಲಿ. ಆಮೇಲೆ ಏನೇನೋ ಓದಿ ಎಲೆಕ್ಟ್ರಾನಿಕ್ಸ್ ಕಡೆ ಬಂದೆ. ಹಾಗಾಗಿ ಯಾರಾದರೂ 'ಪ್ರೊಡಕ್ಷನ್ ಲೇಟ್ ಆಗ್ತಿದೆ' ಅಂದರೆ ನನಗೆ ಕೋಪಕ್ಕಿಂತ ಮೊದಲು ಕುತೂಹಲ ಬರುತ್ತದೆ. ಎಲ್ಲಿ ಸಿಕ್ಕಿಹಾಕಿಕೊಂಡಿದೆ? ಮೋಲ್ಡಿನಲ್ಲಾ, ಬೋರ್ಡಿನಲ್ಲಾ, ಬ್ಯಾಟರಿಯಲ್ಲಾ?

ಪ್ಲೇಡೇಟ್ ಕಥೆ ಹೀಗೆ. 2019ರ ಮೇ ತಿಂಗಳಲ್ಲಿ ಮೊದಲ ಸಲ ತೋರಿಸಿದರು. ಬೆಲೆ 149 ಡಾಲರ್ ಅಂದರು, ಜೊತೆಗೆ 12 ಗೇಮ್ ಫ್ರೀ ಅಂದರು. ಆಮೇಲೆ ಕೋವಿಡ್ ಬಂತು. 2021ರ ಜೂನಿನಲ್ಲಿ ಮತ್ತೆ ಎದ್ದು ಬಂದು 179 ಡಾಲರ್ ಅಂದರು. ಬೆಲೆ ಏರಿಸಿದವರು ಸುಮ್ನೆ ಏರಿಸಲಿಲ್ಲ, ಗೇಮ್ 12 ಇದ್ದದ್ದು 24 ಆಯಿತು, ಒಳಗಿನ ಸ್ಟೋರೇಜ್ ಕೂಡ ಎರಡರಿಂದ ನಾಲ್ಕು ಜಿಬಿಗೆ ಏರಿತು. ಜುಲೈ 29ಕ್ಕೆ ಮುಂಗಡ ಬುಕಿಂಗ್ ತೆರೆದರು. ಮೊದಲ 20,000 ಪೀಸ್ 20 ನಿಮಿಷದೊಳಗೆ ಖಾಲಿ. ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ. ಹೊರಗೆ ಬಂದು ನೋಡುವಷ್ಟರಲ್ಲಿ ಆ ವರ್ಷದ ಪಾಲು ಮುಗಿದು, ಸರದಿ ಮುಂದಿನ ವರ್ಷಕ್ಕೆ ಹೋಗಿತ್ತು.

ಇಲ್ಲೊಂದು ಒಳ್ಳೆ ಕೆಲಸ ಮಾಡಿದರು. 'ಸ್ಟಾಕ್ ಇಲ್ಲ' ಅಂತ ಬಾಗಿಲು ಹಾಕಲಿಲ್ಲ. ಬುಕಿಂಗ್ ತೆರೆದೇ ಇಟ್ಟರು. ನಿಮ್ಮದು ಯಾವ ಗುಂಪು, ಆ ಗುಂಪಿಗೆ ಯಾವಾಗ ಅಂದಾಜು ಸಿಗುತ್ತದೆ ಅನ್ನುವುದು ದುಡ್ಡು ಕೊಡುವ ಮೊದಲೇ ಕಾಣುತ್ತಿತ್ತು. ಸರದಿಯಲ್ಲಿ ಎಲ್ಲಿ ನಿಂತಿದ್ದೇವೆ ಅಂತ ಗೊತ್ತಿದ್ದರೆ ಕಾಯುವವರು ಅಷ್ಟೇನೂ ಗಲಾಟೆ ಮಾಡಲ್ಲ. ಜೊತೆಗೆ, ಕೊಂಡಿಟ್ಟುಕೊಂಡು ಲಾಭಕ್ಕೆ ಮಾರುವ ಸ್ಕ್ಯಾಲ್ಪರ್‌ಗಳು ಮೂರು ಪಟ್ಟು ಬೆಲೆಗೆ ಮಾರುವುದಕ್ಕೂ ಇದರಿಂದ ಸ್ವಲ್ಪ ಕಡಿವಾಣ ಬೀಳುತ್ತದೆ. ಸರದಿಯಲ್ಲಿ ನಿಂತರೆ ಖಂಡಿತ ಸಿಗುತ್ತೆ ಅಂತಾದರೆ ಜಾಸ್ತಿ ದುಡ್ಡು ಕೊಟ್ಟು ಯಾಕೆ ತಗೋಬೇಕು?

ಆಮೇಲೆ ನವೆಂಬರಿನಲ್ಲಿ ಆ ಇಮೇಲ್ ಬಂತು. ನನ್ನ ಪ್ರಕಾರ ಈ ಯಂತ್ರದ ಅತ್ಯಂತ ಒಳ್ಳೆಯ ಫೀಚರ್ ಅದೇ.

ಮೊದಲ 5,000 ಪೀಸ್ ತಯಾರಾಗಿ ಅವರ ಕೈಗೆ ಬಂದಿದ್ದವು. ಪ್ಯಾಕ್ ಮಾಡಿ ಕಳಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಪರೀಕ್ಷೆ ಮಾಡುವಾಗ ಕೆಲವು ಪೀಸ್‌ಗಳ ಬ್ಯಾಟರಿ ಪೂರ್ತಿ ಇಳಿದುಹೋಗಿತ್ತು, ಆನ್ ಆಗುತ್ತಿರಲಿಲ್ಲ, ಚಾರ್ಜರ್ ಹಾಕಿದರೂ ಏಳುತ್ತಿರಲಿಲ್ಲ. ಇದು ಯಾಕೆ ಗಂಭೀರ ಅಂದರೆ, ಲಿಥಿಯಂ ಸೆಲ್ ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ ಒಳಗಿನ ರಕ್ಷಣೆಯ ಸರ್ಕ್ಯೂಟು ಅದನ್ನು ಕತ್ತರಿಸಿಬಿಡುತ್ತದೆ. ಅಷ್ಟು ಸತ್ತ ಸೆಲ್ಲಿಗೆ ಮತ್ತೆ ಕರೆಂಟ್ ತುಂಬುವುದು ಸುರಕ್ಷಿತವಲ್ಲ, ಅದಕ್ಕೇ ಚಾರ್ಜರ್ ನಿರಾಕರಿಸುತ್ತದೆ. ಪ್ಲೇಡೇಟ್‌ನ ಇಡೀ ಮಜಾ ಇರುವುದೇ ಹದಿನಾಲ್ಕು ದಿನ ಮೂಲೆಯಲ್ಲಿಟ್ಟರೂ ಗಡಿಯಾರ ತೋರಿಸಿಕೊಂಡು ಬಿದ್ದಿರುತ್ತದೆ ಅನ್ನುವುದರಲ್ಲಿ. ಅಂಥದ್ದು ಡ್ರಾಯರಿನಲ್ಲಿಟ್ಟು ತೆಗೆಯುವಷ್ಟರಲ್ಲಿ ಸತ್ತಿದ್ದರೆ?

ಅವರು ಪ್ರೊಡಕ್ಷನ್ ನಿಲ್ಲಿಸಿದರು. ತಯಾರಾಗಿದ್ದ ಅಷ್ಟೂ ಪೀಸ್‌ಗಳನ್ನು ಮಲೇಷ್ಯಾಕ್ಕೆ ವಾಪಸ್ ಕಳಿಸಿ, ಬೇರೆಯೇ ಸಪ್ಲೈಯರ್ ಹತ್ತಿರ ಬ್ಯಾಟರಿ ತಗೊಂಡು ಬದಲಾಯಿಸಿದರು. ಓದುವಾಗ ಒಂದೇ ಸಾಲು. ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಒಂದೊಂದು ಪೀಸನ್ನೂ ಮನುಷ್ಯರು ಬಿಚ್ಚಬೇಕು, 9 ಮಿಲಿಮೀಟರ್ ದಪ್ಪದೊಳಗೆ ಅಂಟಿಸಿದ್ದನ್ನು ಎಬ್ಬಿಸಬೇಕು, ಕನೆಕ್ಟರ್ ಕಿತ್ತುಹೋಗದಂತೆ ನೋಡಿಕೊಳ್ಳಬೇಕು, ಮತ್ತೆ ಮುಚ್ಚಿ ಮತ್ತೆ ಟೆಸ್ಟ್ ಮಾಡಬೇಕು. ರೀವರ್ಕ್ ಅಂದರೆ ಹೊಸದು ಮಾಡುವುದಕ್ಕಿಂತ ತಲೆನೋವು. ಹೋಗುವ ಬರುವ ಸಾಗಣೆ ಖರ್ಚು ಬೇರೆ, ಅದರಲ್ಲೂ ಲಿಥಿಯಂ ಬ್ಯಾಟರಿ ಇರುವ ಮಾಲು ವಿಮಾನ ಹತ್ತಬೇಕು ಅಂದರೆ ಅದರದ್ದೇ ಕಾಗದ ಪತ್ರ.

ಅದೇ ಇಮೇಲಿನಲ್ಲಿ ಎರಡನೇ ಬಾಂಬು. ಮುಂದಿನ ಗುಂಪುಗಳಿಗೆ ಬೇಕಾದ ಸಿಪಿಯು ಸಿಗುವುದಕ್ಕೆ ಇನ್ನೂ ಎರಡು ವರ್ಷ ಆಗುತ್ತದಂತೆ. ಆಗ ಜಗತ್ತಿಗೆಲ್ಲ ಚಿಪ್ ಬರ. ಕಾರು ಕಂಪನಿಗಳೇ ಚಿಪ್ ಸಿಗದೆ ಲೈನ್ ನಿಲ್ಲಿಸಿದ್ದ ಕಾಲ, ಇಪ್ಪತ್ತೋ ಮೂವತ್ತೋ ಸಾವಿರ ಚಿಪ್ ಕೇಳುವವರನ್ನು ಯಾರು ಮೂಸುತ್ತಾರೆ! ಹಾಗಾಗಿ ಸುಲಭವಾಗಿ ಸಿಗುವ, ಅದಕ್ಕೆ ಹತ್ತಿರದ ಬೇರೆ ಸಿಪಿಯು ಹುಡುಕಿ, ಮೇನ್ ಬೋರ್ಡನ್ನೇ ಹೊಸದಾಗಿ ಡಿಸೈನ್ ಮಾಡಿದರು. ನನ್ನ ಕೈಗೆ ಬಂದಿರುವುದು ಆ ಹೊಸ ಬೋರ್ಡಿನದು. ಆಡುವಾಗ ಯಾವ ವ್ಯತ್ಯಾಸವೂ ಗೊತ್ತಾಗಲ್ಲ.

ಮೊದಲ ಗುಂಪಿನವರಿಗೆ ಮಾಲು ಹೊರಟಿದ್ದು 2022ರ ಏಪ್ರಿಲ್ 18ರಿಂದ. ನನ್ನ ಸರದಿ ಬರುವಾಗ 2023. ಆ ಏಪ್ರಿಲ್‌ನಲ್ಲಿ ಹೊಸ ಆರ್ಡರುಗಳಿಗೆ ಬೆಲೆ 199 ಡಾಲರ್ ಆಯಿತು, ನಮ್ಮಂಥ ಹಳೆ ಆರ್ಡರಿನವರಿಗೆ ಹಳೆ ಬೆಲೆಯೇ. 'ಖರ್ಚು ಜಾಸ್ತಿ ಆಯ್ತು, ಇನ್ನು ಸ್ವಲ್ಪ ಕೊಡಿ' ಅಂತ ಕೈ ಚಾಚಲಿಲ್ಲ.

ಈ ಇಮೇಲಿಗೆ ಯಾಕಿಷ್ಟು ಬೆಲೆ ಕೊಡುತ್ತಿದ್ದೇನೆ ಅಂತ ಅನ್ನಿಸಬಹುದು. ಕಾರಣ ಇದೆ. ಇನ್ನೊಂದು ಕಡೆ, ಹೆಸರು ಬೇಡ ಬಿಡಿ, ಕೀಬೋರ್ಡ್ ಇರುವ ಒಂದು ಪುಟ್ಟ ಜೇಬಿನ ಕಂಪ್ಯೂಟರಿಗೆ ದುಡ್ಡು ಕಟ್ಟಿದ್ದೆ. ಶುರುವಿನಲ್ಲಿ ವಾರಕ್ಕೊಂದು ಅಪ್‌ಡೇಟ್. 'ಕೆಲಸ ಚೆನ್ನಾಗಿ ನಡೀತಿದೆ, ಸಣ್ಣಪುಟ್ಟ ತೊಂದರೆ ಇದೆ, ಬೇಗ ಸರಿ ಮಾಡ್ತೀವಿ.' ಏನು ತೊಂದರೆ? ಹೇಳಲ್ಲ. ಹಾಕುವ ಚಿತ್ರ ಎಲ್ಲಾ ಕಂಪ್ಯೂಟರಿನಲ್ಲಿ ಮಾಡಿದ ರೆಂಡರ್. ಮರದ ಮೇಜು, ಪಕ್ಕದಲ್ಲಿ ಕಾಫಿ ಕಪ್, ಎಲ್ಲಾ ನೀಟು. ನನಗೆ ಆಗಲೇ ಅನುಮಾನ. ನಿಜವಾಗಿ ಮೋಲ್ಡಿನಿಂದ ಬಂದ ಪ್ಲಾಸ್ಟಿಕ್ ಅಷ್ಟು ಚಂದ ಇರಲ್ಲ. ಮೊದಲ ಶಾಟ್ ತೆಗೆದ ದಿನ ಅಂಚಿನಲ್ಲಿ ಫ್ಲ್ಯಾಶ್, ಅಂದರೆ ಹೊರಚೆಲ್ಲಿದ ತೆಳು ಪ್ಲಾಸ್ಟಿಕ್, ಇಣುಕುತ್ತಿರುತ್ತದೆ, ಒಳಗೆ ಸ್ಕ್ರೂ ಕೂರುವ ದಿಂಡು ಇರುವ ಕಡೆ ಹೊರಗಡೆ ಸಣ್ಣ ಗುಳಿ ಬಿದ್ದಿರುತ್ತದೆ, ಬಣ್ಣ ಒಂದು ಮೂಲೆಯಲ್ಲಿ ಒಂಥರಾ ಇನ್ನೊಂದು ಮೂಲೆಯಲ್ಲಿ ಇನ್ನೊಂಥರಾ. ಅಂಥ ಕೆಟ್ಟ ಫೋಟೊ ಒಂದು ಹಾಕಿದ್ದರೆ ನಾನು ಖುಷಿಯಾಗಿ ಕಾಯುತ್ತಿದ್ದೆ. ಅಪ್‌ಡೇಟ್ ತಿಂಗಳಿಗೊಂದಾಯಿತು, ಆಮೇಲೆ ಹಬ್ಬಕ್ಕೊಂದು, ಆಮೇಲೆ ನಿಂತೇ ಹೋಯಿತು. ದುಡ್ಡು ಗೋವಿಂದ.

ಮೋಲ್ಡ್ ವಿಷಯ ಬಂತು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಲ್ಲರೂ ಕೇಳುವುದು, 'ಸಾವಿರ ಪೀಸ್ ಮಾಡೋಕೆ ಇಷ್ಟು ದಿನ ಯಾಕ್ರೀ, ಮೊಬೈಲ್ ಕಂಪನಿಯವರು ಕೋಟಿಗಟ್ಟಲೆ ಮಾಡ್ತಾರಲ್ಲ?' ಕಮ್ಮಿ ಮಾಡುವುದಕ್ಕೇ ಜಾಸ್ತಿ ದಿನ. ಒಂದು ಪ್ಲಾಸ್ಟಿಕ್ ಕವಚ ಬೇಕು ಅಂದರೆ ಉಕ್ಕಿನ ದಿಮ್ಮಿಯಲ್ಲಿ ಅಚ್ಚು ಕೊರೆಯಬೇಕು. ಮಿಲ್ಲಿಂಗ್, ಇಡಿಎಂ (ವಿದ್ಯುತ್ ಕಿಡಿಯಿಂದ ಉಕ್ಕು ಕೊರೆಯುವುದು), ಕೈಯಲ್ಲಿ ಪಾಲಿಶ್, ಕೂಲಿಂಗ್ ನೀರಿಗೆ ದಾರಿ, ಪೀಸನ್ನು ಹೊರಗೆ ತಳ್ಳುವ ಎಜೆಕ್ಟರ್ ಪಿನ್. ಸಾವಿರ ಪೀಸ್ ತೆಗೆದರೂ ಲಕ್ಷ ಪೀಸ್ ತೆಗೆದರೂ ಅಚ್ಚಿಗೆ ಹಿಡಿಯುವ ಕೆಲಸ ಹೆಚ್ಚುಕಡಿಮೆ ಅಷ್ಟೇ. ಪ್ಲಾಸ್ಟಿಕ್ ತಣ್ಣಗಾಗುವಾಗ ಕುಗ್ಗುತ್ತದೆ, ಎಷ್ಟು ಕುಗ್ಗುತ್ತದೆ ಅಂತ ಲೆಕ್ಕ ಹಾಕಿಯೇ ಅಚ್ಚನ್ನು ಸ್ವಲ್ಪ ದೊಡ್ಡದು ಮಾಡಿರುತ್ತೇವೆ. ಲೆಕ್ಕ ತಪ್ಪಿದರೆ ಬಟನ್ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಉಕ್ಕು ತೆಗೆಯುವುದು ಸುಲಭ, ತೆಗೆದದ್ದನ್ನು ವಾಪಸ್ ಹಾಕಬೇಕು ಅಂದರೆ ವೆಲ್ಡಿಂಗ್ ಮಾಡಿ ಮತ್ತೆ ಕೊರೆಯಬೇಕು. ಪೀಣ್ಯದಲ್ಲಿ ನಮ್ಮ ಮೇಸ್ತ್ರಿ ಪ್ರತಿ ಡ್ರಾಯಿಂಗ್ ನೋಡಿದಾಗಲೂ 'ಉಕ್ಕು ಇರಲಿ ಬಿಡ್ರೋ, ಆಮೇಲೆ ತೆಗೀಬಹುದು' ಅನ್ನುತ್ತಿದ್ದರು.

ಇದರ ಮೇಲೆ ಫ್ಯಾಕ್ಟರಿಯ ರಾಜಕೀಯ. ಬೋರ್ಡ್ ಜೋಡಿಸುವ ಲೈನಿನಲ್ಲಿ ಪ್ರತಿ ಬಿಡಿಭಾಗದ ರೀಲನ್ನು ಫೀಡರಿಗೆ ಹಾಕಿ, ಬೆಸುಗೆ ಹಚ್ಚುವ ಸ್ಟೆನ್ಸಿಲ್ ಬದಲಾಯಿಸಿ, ಓವನ್ ಹೊಂದಿಸಿ, ಮೊದಲ ಬೋರ್ಡ್ ಚೆಕ್ ಮಾಡಿ ಶುರು ಮಾಡುವುದಕ್ಕೇ ಅರ್ಧ ದಿನ ಹೋಗುತ್ತದೆ. ದೊಡ್ಡ ಗಿರಾಕಿ ಬಂದರೆ ಆ ಲೈನ್ ವಾರಗಟ್ಟಲೆ ನಿಲ್ಲದೆ ಓಡುತ್ತದೆ. ಸಣ್ಣವರ ಕೆಲಸ ಮಧ್ಯೆ ಸಂದು ಸಿಕ್ಕಾಗ. ಕಿಕ್ಕಿರಿದ ಬಿಎಂಟಿಸಿ ಬಸ್ಸಿಗೆ ಸ್ಟಾಪ್ ಇಲ್ಲದ ಕಡೆ ಕೈ ಅಡ್ಡ ಹಾಕಿದ ಹಾಗೆ, ಡ್ರೈವರಿಗೆ ಮನಸ್ಸು ಬಂದರೆ ಉಂಟು. ಚೀನಾದಲ್ಲಿ ಮಾಡಿಸುವವರಿಗೆ ಅಲ್ಲಿಯ ಹೊಸ ವರ್ಷದ ರಜೆ ಬೇರೆ. ಕೆಲಸಗಾರರು ಊರಿಗೆ ಹೋದರೆ ವಾರಗಟ್ಟಲೆ ಎಲ್ಲಾ ಬಂದ್, ವಾಪಸ್ ಬರುವವರಲ್ಲಿ ಎಷ್ಟೋ ಜನ ಹೊಸಬರು, ಅವರಿಗೆ ಮತ್ತೆ ಮೊದಲಿನಿಂದ ಹೇಳಿಕೊಡಬೇಕು.

ಈ ಕಾಯುವಿಕೆಗೆ ಒಂದು ಇತಿಹಾಸವೇ ಇದೆ. ಪಂಡೋರಾ ಅಂತ ಒಂದು ಯಂತ್ರ ಇತ್ತು. ಜೇಬಿನಲ್ಲಿ ಹಿಡಿಯುವ ಲಿನಕ್ಸ್ ಕಂಪ್ಯೂಟರು, 4.3 ಇಂಚಿನ ಟಚ್ ಸ್ಕ್ರೀನು, ಪೂರ್ತಿ ಕೀಬೋರ್ಡು, ಗೇಮ್ ಬಟನ್ನು ಎಲ್ಲಾ ಸೇರಿ. ಬೇರೆ ಬೇರೆ ದೇಶಗಳಲ್ಲಿ ಚದುರಿದ್ದ ಕೆಲವೇ ಕೆಲವು ಹವ್ಯಾಸಿಗಳು ಸೇರಿ ಮಾಡಿದ್ದು. 2008ರ ಸೆಪ್ಟೆಂಬರ್ 30ಕ್ಕೆ ಬುಕಿಂಗ್ ತೆರೆದರು, ಮೊದಲ ಬ್ಯಾಚ್ 4,000. ಜನರ ಕೈಗೆ ಮೊದಲ ಪೀಸ್ ಹೋಗಲು ಶುರುವಾಗಿದ್ದು 2010ರ ಮೇ ತಿಂಗಳಲ್ಲಿ. ಮಧ್ಯದಲ್ಲಿ ಕೇಳಿದಾಗಲೆಲ್ಲ ಉತ್ತರ 'ಇನ್ನೆರಡು ತಿಂಗಳು'. ಅದು ಆಮೇಲೆ ಅಭಿಮಾನಿಗಳ ನಡುವೆ ದೊಡ್ಡ ಜೋಕ್ ಆಯಿತು, ಯಾರ ಮದುವೆ ಯಾವಾಗ ಅಂದರೂ ಎರಡು ತಿಂಗಳು. ಆ ತಂಡದ ಜರ್ಮನಿಯ ಮೈಕೆಲ್ ಮ್ರೋಜೆಕ್ ಅಷ್ಟಕ್ಕೇ ಬಿಡದೆ ಪೈರಾ ಅಂತ ಮುಂದಿನದನ್ನು ಕೈಗೆತ್ತಿಕೊಂಡರು. ಅದರ ಬುಕಿಂಗ್ 2016ರಲ್ಲಿ, ಮೊದಲ ಪೀಸ್‌ಗಳು ಹೊರಟದ್ದು 2020ರಲ್ಲಿ. ಅಷ್ಟರಲ್ಲಿ ಅದರ ಪ್ರೊಸೆಸರ್ ಮುದುಕ ಆಗಿತ್ತು. ಇದೇ ಈ ಆಟದ ದೊಡ್ಡ ಅಪಾಯ. ವೇಗ, ಮೆಗಾಪಿಕ್ಸೆಲ್ ಅಂತ ಮಾರುವ ವಸ್ತು ಲೇಟ್ ಆದರೆ ಕೈಗೆ ಬರುವಾಗಲೇ ಹಳಸಿರುತ್ತದೆ.

ಸ್ವಲ್ಪ ದುಡ್ಡಿರುವ ಕಂಪನಿಗೂ ಇದು ತಪ್ಪಿಲ್ಲ. ಹಳೆ ಗೇಮ್‌ಬಾಯ್ ಯಂತ್ರದ ಗೇಮ್ ಕಾರ್ಟ್ರಿಡ್ಜ್ ಹಾಕಿ ಆಡುವ ಅನಲಾಗ್ ಪಾಕೆಟ್ 2019ರ ಅಕ್ಟೋಬರಿನಲ್ಲಿ ಘೋಷಣೆ ಆಯಿತು, 2020ರ ಆಗಸ್ಟಿನಲ್ಲಿ ಬುಕಿಂಗ್, 2021ರ ಮೇಗೆ ಕೊಡುತ್ತೇವೆ ಅಂದದ್ದು ಮುಂದೆ ಹೋಗಿ ಹೋಗಿ ಡಿಸೆಂಬರ್ ಆಯಿತು. ಆದರೆ ಅದರ ಸ್ಕ್ರೀನ್ ನೋಡಿದವರು ಯಾರೂ ಲೇಟ್ ಆದದ್ದರ ಬಗ್ಗೆ ಮಾತಾಡಲ್ಲ, ಅಷ್ಟು ಚೆನ್ನಾಗಿದೆ.

ಪ್ಲೇಡೇಟ್ ಈ ಹಳಸುವ ಅಪಾಯದಿಂದ ಪಾರಾಗಿದ್ದು ಹುಟ್ಟುವಾಗಲೇ ಹಳೆಯದಾಗಿದ್ದರಿಂದ. ಕಪ್ಪು-ಬಿಳುಪು ಸ್ಕ್ರೀನು 2019ರಲ್ಲೂ ಹಳೆಯದೇ, 2023ರಲ್ಲೂ ಹಳೆಯದೇ. ನಾಲ್ಕು ವರ್ಷದಲ್ಲಿ ಅದಕ್ಕೆ ವಯಸ್ಸೇ ಆಗಲಿಲ್ಲ!

ಸರಿ, ಡಬ್ಬ ಬಂತು. ಎಲ್ಲರೂ ಮೊದಲು ಆನ್ ಮಾಡುತ್ತಾರೆ, ನಾನು ಮೊದಲು ಹೆಬ್ಬೆರಳ ಉಗುರನ್ನು ಅಂಚಿನ ಸುತ್ತ ಎಳೆದೆ. ಎರಡು ಕವಚ ಸೇರುವ ಕಡೆ ಉಗುರು ತಡೆಯಬಾರದು. ತಡೆಯಲಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದು ಗುಳಿ ಇದೆಯಾ ನೋಡಿದೆ, ಇಲ್ಲ. ಹ್ಯಾಂಡಲನ್ನು ಗೂಡಿನಿಂದ ಹೊರಗೆ ಎಳೆದರೆ ಕೊನೆಯಲ್ಲಿ ಕಟ್ ಅಂತ ನಿಲ್ಲುತ್ತದೆ, ತಿರುಗಿಸಿದರೆ ಎಲ್ಲೂ ಅಲುಗಾಟ ಇಲ್ಲ, ಸದ್ದೂ ಇಲ್ಲ. ಹೆಂಡತಿ ಇದನ್ನೆಲ್ಲ ನೋಡಿಕೊಂಡು ನಿಂತಿದ್ದಳು. "ರೀ, ಇಷ್ಟು ವರ್ಷ ಕಾದಿದ್ದು ಇದರ ಅಂಚು ಸವರೋಕಾ?"

ಸ್ಕ್ರೀನ್ 2.7 ಇಂಚು, 400 ಅಡ್ಡ 240 ಚುಕ್ಕೆ. ಒಂದೊಂದು ಚುಕ್ಕೆಯೂ ಕಪ್ಪು ಅಥವಾ ಬಿಳಿ, ನಡುವೆ ಬೂದು ಇಲ್ಲ. ಶಾರ್ಪ್ ಕಂಪನಿಯ ಮೆಮೊರಿ ಎಲ್‌ಸಿಡಿ ಇದು. ಪ್ರತಿ ಚುಕ್ಕೆಯ ಹಿಂದೆ ಅದರದ್ದೇ ಪುಟ್ಟ ಮೆಮೊರಿ ಇರುವುದರಿಂದ ಚಿತ್ರ ಬದಲಾಗದೆ ನಿಂತಿದ್ದಾಗ ಕರೆಂಟ್ ತಿನ್ನುವುದು ತೀರಾ ಕಮ್ಮಿ. ಬ್ಯಾಕ್‌ಲೈಟ್ ಇಲ್ಲ. ಇದು ಗೊತ್ತಿದ್ದೇ ತಗೋಬೇಕು. ಬಿಸಿಲಿನಲ್ಲಿ ಹಿಡಿದರೆ ಮೊಬೈಲ್ ಎಲ್ಲಾ ಸೋಲಬೇಕು, ಅಚ್ಚಾದ ಪೇಪರ್ ಕಂಡಷ್ಟು ಸ್ಪಷ್ಟ. ರೂಮಿನ ಮಂದ ಬೆಳಕಿನಲ್ಲಿ ಕಣ್ಣು ಕಿರಿದು ಮಾಡಬೇಕು. ಒರೆಗಾನಿನಲ್ಲಿ ಡಿಸೆಂಬರ್ ಬಂತೆಂದರೆ ಸಂಜೆ ನಾಲ್ಕೂವರೆಗೆ ಕತ್ತಲು, ಹಗಲೆಲ್ಲ ಮೋಡ. ಇಂಥ ಊರಿನವರು ಇಂಥ ಸ್ಕ್ರೀನ್ ಯಾಕೆ ಆರಿಸಿದರೋ! ಊರಿಗೆ ಹೋದಾಗ ಜಯನಗರದಲ್ಲಿ ಅಕ್ಕನ ಮನೆಯ ಟೆರೇಸಿನಲ್ಲಿ, ಬೆಳಗ್ಗೆ ಒಂಬತ್ತರ ಬಿಸಿಲಿಗೆ ಹಿಡಿದಾಗಲೇ ಇದರ ನಿಜವಾದ ರೂಪ ಕಂಡಿದ್ದು.

ಅಕ್ಕನ ಮಗ ಮೊದಲು ಸ್ಕ್ರೀನನ್ನು ಬೆರಳಲ್ಲಿ ತಳ್ಳಿದ. ಏನೂ ಆಗಲಿಲ್ಲ. ಇನ್ನೊಮ್ಮೆ ಜೋರಾಗಿ ತಳ್ಳಿದ. "ಮಾವ, ಹ್ಯಾಂಗ್ ಆಗಿದೆ." ಟಚ್ ಇಲ್ಲ ಕಣೋ ಅಂದರೆ ನಂಬಲೇ ಇಲ್ಲ. ಆಮೇಲೆ ಕ್ರ್ಯಾಂಕಿನ್ ಅನ್ನುವ ಗೇಮ್ ಹಾಕಿ ಕೊಟ್ಟೆ. ಒಂದು ರೋಬಾಟ್, ಹುಡುಗಿಯನ್ನು ನೋಡಲು ಹೊರಟಿರುತ್ತದೆ, ಯಾವಾಗಲೂ ಲೇಟು. ಹ್ಯಾಂಡಲ್ ಮುಂದಕ್ಕೆ ತಿರುಗಿಸಿದರೆ ಅದರ ಕಾಲ ಮುಂದಕ್ಕೆ, ಹಿಂದಕ್ಕೆ ತಿರುಗಿಸಿದರೆ ಹಿಂದಕ್ಕೆ, ಬೇರೆ ಯಾವ ಬಟನ್ನೂ ಬೇಡ. ಚಿಟ್ಟೆ ಬಂದರೆ, ರೋಬಾಟ್ ಬಗ್ಗಿರುವ ಕ್ಷಣಕ್ಕೆ ಸರಿಯಾಗಿ ಹ್ಯಾಂಡಲ್ ತಿರುಗಿಸಿ ನಿಲ್ಲಿಸಬೇಕು. ಅವನಿಗೆ ಯಾರೂ ಹೇಳಿಕೊಡಲಿಲ್ಲ. ಹ್ಯಾಂಡಲ್ ಮುಂದೆ, ಹಿಂದೆ, ಮುಂದೆ, ನಾಲಿಗೆ ಹೊರಗೆ. ಅಕ್ಕ ತಿಂಡಿಗೆ ಕರೆದರೂ ಕೇಳಿಸಲಿಲ್ಲ. ಅವನಪ್ಪ ಬಂದು ಇಸಕೊಂಡು ತಾನೇ ಆಡುತ್ತಾ ಕೂತರು.

ಗೇಮ್ ಕೊಡುವ ರೀತಿ ನನಗೆ ಬಹಳ ಹಿಡಿಸಿತು. ಯಂತ್ರದ ಜೊತೆ ಬರುವ 24 ಗೇಮ್ ಒಟ್ಟಿಗೆ ಸಿಗಲ್ಲ. ನೀವು ಆನ್ ಮಾಡಿದ ದಿನದಿಂದ ವಾರಕ್ಕೆರಡರಂತೆ 12 ವಾರ. ಮೊದಲ ವಾರ ಹಕ್ಕಿ ಫೋಟೊ ತೆಗೆಯುತ್ತಾ ಊರು ಸುತ್ತುವುದು ಒಂದು, ಅಲೆಯ ಮೇಲೆ ಹ್ಯಾಂಡಲ್ ತಿರುಗಿಸುತ್ತಾ ಸರ್ಫಿಂಗ್ ಮಾಡುವುದು ಇನ್ನೊಂದು. ಹೊಸ ಗೇಮ್ ಗಿಫ್ಟ್ ಪೇಪರ್ ಸುತ್ತಿಕೊಂಡು ಸ್ಕ್ರೀನಿನಲ್ಲಿ ಕೂತಿರುತ್ತದೆ, ಬಿಚ್ಚಿದರೆ ಏನಿದೆ ಅಂತ ಗೊತ್ತಾಗುತ್ತದೆ. ಅಷ್ಟು ಕಾಯಿಸಿ, ಕೈಗೆ ಬಂದ ಮೇಲೂ ಕಾಯಿಸುತ್ತಾರಲ್ಲ ಅಂತ ಗೆಳೆಯನೊಬ್ಬ ಉರಿದುಕೊಂಡ. ನನಗೆ ಹಾಗನ್ನಿಸಲಿಲ್ಲ. 24 ಗೇಮ್ ಒಂದೇ ದಿನ ಸಿಕ್ಕಿದ್ದರೆ ಇಪ್ಪತ್ತನ್ನು ಎರಡು ನಿಮಿಷ ನೋಡಿ ಬಿಟ್ಟಿರುತ್ತಿದ್ದೆ. ವಾರಕ್ಕೆ ಎರಡೇ ಅಂದಾಗ ಇಷ್ಟವಿಲ್ಲದ್ದನ್ನೂ ಸ್ವಲ್ಪ ಹೊತ್ತು ಆಡುತ್ತೇವೆ, ಆಡುತ್ತಾ ಆಡುತ್ತಾ ಕೆಲವು ಇಷ್ಟವೂ ಆಗುತ್ತವೆ.

ಎಲ್ಲಾ ಗೇಮೂ ಚೆನ್ನಾಗಿಲ್ಲ, ಅದನ್ನೂ ಹೇಳಬೇಕು. ಕೆಲವು ಹತ್ತು ನಿಮಿಷದ ತಮಾಷೆ, ಕೆಲವು ತೀರಾ ಕಷ್ಟ, ಕೆಲವದರಲ್ಲಿ ಹ್ಯಾಂಡಲ್ ಸುಮ್ನೆ ಇರಲಿ ಅಂತ ತುರುಕಿದ್ದಾರೆ. ನನ್ನ ಲೆಕ್ಕದಲ್ಲಿ ಮೂರನೇ ಒಂದು ಭಾಗ ನಿಜಕ್ಕೂ ಒಳ್ಳೆಯವು. ದೊಡ್ಡ ಕೈಯವರಿಗೆ ಹ್ಯಾಂಡಲ್ ಚಿಕ್ಕದು, ಒಂದು ಗಂಟೆ ಆಡಿದರೆ ಮಣಿಕಟ್ಟು ಮಾತಾಡುತ್ತದೆ. ಬ್ಯಾಟರಿ ಆಡುತ್ತಾ ಇದ್ದರೆ ಎಂಟು ಗಂಟೆ ಅಂತ ಕಂಪನಿ ಹೇಳುತ್ತದೆ, ನಾನು ಅಷ್ಟು ಹೊತ್ತು ಆಡುವವನಲ್ಲ. ವಾರಗಟ್ಟಲೆ ಮುಟ್ಟದೆ ಇಟ್ಟದ್ದು ಎತ್ತಿಕೊಂಡಾಗ ಸಮಯ ತೋರಿಸಿತು. ಐದು ಸಾವಿರ ಪೀಸ್ ವಾಪಸ್ ಕಳಿಸಿದ್ದು ಇದಕ್ಕೇ ತಾನೆ.

ಪ್ರೋಗ್ರಾಮಿಂಗ್ ಗೊತ್ತಿದ್ದವರಿಗೆ ಇನ್ನೊಂದು ಖುಷಿ ಇದೆ. ಇದಕ್ಕೆ ಗೇಮ್ ಬರೆಯುವ ಸಾಮಾನೆಲ್ಲ ಫ್ರೀ. ಲುವಾ ಅಥವಾ ಸಿ ಭಾಷೆಯಲ್ಲಿ ಬರೆಯಬಹುದು, ಕೋಡ್ ಬೇಡ ಅನ್ನುವವರಿಗೆ ಬ್ರೌಸರಿನಲ್ಲೇ ಚಿತ್ರ ಬಿಡಿಸಿ ಗೇಮ್ ಮಾಡುವ ಪಲ್ಪ್ ಅಂತ ಇದೆ. ಮಾಡಿದ್ದನ್ನು ಯಾರ ಅಪ್ಪಣೆಯೂ ಇಲ್ಲದೆ ನಿಮ್ಮ ಯಂತ್ರಕ್ಕೆ ಹಾಕಿಕೊಳ್ಳಬಹುದು, ಬೇರೆಯವರಿಗೂ ಕೊಡಬಹುದು. ಕಂಪ್ಯೂಟರಿನಲ್ಲೇ ಓಡುವ ಸಿಮ್ಯುಲೇಟರ್ ಇರುವುದರಿಂದ ಯಂತ್ರ ಬರುವ ಮೊದಲೇ ಗೇಮ್ ಬರೆದು ಮುಗಿಸಿ ಕಾಯುತ್ತಿದ್ದವರೂ ಇದ್ದರು. ನಾನು ಮಗಳಿಗಾಗಿ ಚೌಕಾಬಾರ ಮಾಡಲು ಕೂತೆ, ಕವಡೆ ಹಾಕಲು ಹ್ಯಾಂಡಲ್ ತಿರುಗಿಸುವುದು ಅಂತ. ಕಾಯಿ ನಡೆಸುವ ಲೆಕ್ಕ ಸರಿಯಾಗಿದೆ, ಕವಡೆ ಬೀಳುವ ಚಿತ್ರ ಮಾತ್ರ ಇನ್ನೂ ಹಲಸಿನ ಬೀಜದ ಥರ ಕಾಣುತ್ತೆ ಅನ್ನುತ್ತಾಳೆ.

ಊರಿನ ಗೆಳೆಯ ಫೋನಿನಲ್ಲಿ ಕೇಳಿದ, "ಮಗಾ, ಬರುವಾಗ ನಂಗೂ ಒಂದು ತಂದುಕೊಡು, ಅಷ್ಟು ದುಡ್ಡಿಗೆ ಯೋಗ್ಯವಾ?" ಈ ದುಡ್ಡಿಗೆ ಒಂದು ಸ್ಮಾರ್ಟ್‌ಫೋನೇ ಬರುತ್ತೆ, ಅದರಲ್ಲಿ ಸಾವಿರ ಗೇಮ್ ಬರುತ್ತೆ, ಹಾಗೆ ತೂಗಿದರೆ ಇದು ಸೋಲುತ್ತದೆ ಅಂದೆ. ಜಾಹೀರಾತು ಇಲ್ಲ, ನೋಟಿಫಿಕೇಶನ್ ಇಲ್ಲ, ಐದು ನಿಮಿಷ ಆಡಿ ಜೇಬಿಗೆ ಹಾಕುವಂಥದ್ದು ಬೇಕು ಅಂದರೆ ಹೌದು ಅಂದೆ. ಮಲಗಿಕೊಂಡು ಲೈಟ್ ಆರಿಸಿ ಆಡುವವನಾದರೆ ಬೇಡ. ಅವನು ಮಲಗಿಕೊಂಡು ಆಡುವವನೇ, ಹಾಗಾಗಿ ಮಾತು ಅಲ್ಲಿಗೆ ಮುಗಿಯಿತು.

ಇಂಥದ್ದೇ ಬೇರೆ ಯಾವುದಕ್ಕಾದರೂ ಮುಂಗಡ ಕಟ್ಟುವ ಯೋಚನೆ ಇದ್ದರೆ, ಸ್ಪೆಕ್ ನೋಡುವುದಕ್ಕಿಂತ ಮೊದಲು ಅವರ ಹಳೆ ಅಪ್‌ಡೇಟ್‌ಗಳನ್ನು ಓದಿ. ಕೆಟ್ಟ ಸುದ್ದಿ ಹೇಳಿದ್ದಾರಾ? ಹೇಳಿದ್ದರೆ ಯಾವ ಭಾಗ, ಏನಾಗಿದೆ, ಮುಂದೆ ಏನು ಅಂತ ಬಿಡಿಸಿ ಹೇಳಿದ್ದಾರಾ, ಇಲ್ಲ ಬರೀ ಕ್ಷಮೆಯಾ? ಅಚ್ಚಿನಿಂದ ಬಂದ ನಿಜವಾದ ಪ್ಲಾಸ್ಟಿಕ್ಕಿನ ಫೋಟೊ ಇದೆಯಾ? ಕೈಯಲ್ಲಿ ಹಿಡಿದು ಆನ್ ಮಾಡಿದ ವೀಡಿಯೊ, ಅದರಲ್ಲೂ ಕಟ್ ಮಾಡದೆ ತೆಗೆದದ್ದು ಇದೆಯಾ? ದುಡ್ಡು ವಾಪಸ್ ಕೇಳಿದವರಿಗೆ ಕೊಟ್ಟಿದ್ದಾರಾ? ಯಾವತ್ತೂ ಯಾವ ತೊಂದರೆಯೂ ಇಲ್ಲ, ಎಲ್ಲಾ ಪ್ಲಾನ್ ಪ್ರಕಾರ ನಡೀತಿದೆ ಅನ್ನುವವರನ್ನು ನಾನಂತೂ ನಂಬಲ್ಲ. ಮೋಲ್ಡ್ ಮಾಡಿಸಿದವರ ಬಾಯಲ್ಲಿ ಆ ಮಾತು ಬರುವುದು ಸಾಧ್ಯವೇ ಇಲ್ಲ.

ಪ್ಲೇಡೇಟ್ ಗೇಮ್‌ಗಳ ಎರಡನೇ ಕಂತು, ಅಂದರೆ ಎರಡನೇ ಸೀಸನ್, 2025ರ ಮೇ 29ಕ್ಕೆ ಶುರುವಾಯಿತು. 39 ಡಾಲರ್, 12 ಗೇಮ್, ಆರು ವಾರ. ಆ ಸಲ ಎಲ್ಲರಿಗೂ ಒಂದೇ ದಿನ ಬರುತ್ತಿತ್ತು, ಗುರುವಾರ. ಮೊದಲ ಸೀಸನ್ನಿನಲ್ಲಿ ಒಬ್ಬೊಬ್ಬರ ಯಂತ್ರ ಒಂದೊಂದು ದಿನ ಬಂದದ್ದರಿಂದ ಯಾರ ಜೊತೆ ಮಾತಾಡಿದರೂ ಅವರು ಮೂರನೇ ವಾರ, ನಾವು ಏಳನೇ ವಾರ, ಬಾಯಿ ತಪ್ಪಿ ಏನಾದರೂ ಹೇಳಿದರೆ ಅವರ ಗಿಫ್ಟ್ ಪೇಪರ್ ನಾವೇ ಹರಿದ ಹಾಗೆ. ಆಫೀಸಿನಲ್ಲಿ ಇದು ಇಟ್ಟುಕೊಂಡಿರುವ ಇನ್ನಿಬ್ಬರು ಇದ್ದಾರೆ. ಗುರುವಾರ ಊಟದ ಹೊತ್ತಿಗೆ ಮೂವರೂ ಕಿಟಕಿ ಪಕ್ಕದ ಟೇಬಲ್ ಹಿಡಿಯುತ್ತಿದ್ದೆವು. ಬ್ಯಾಕ್‌ಲೈಟ್ ಇಲ್ಲವಲ್ಲ.